ಬಾಹ್ಯಾಕಾಶ ಸಾಧನಗಳ ಸೈಬರ್ ರಕ್ಷಣೆ ಮತ್ತು ರಾಷ್ಟ್ರೀಯ ಶಾಸನ: ಒಂದು ಚಾರಿತ್ರಿಕ ವಿವೇಚನೆ

ಮಾನವನು ತನ್ನ ಸಂದೇಶವನ್ನು ದೂರಕ್ಕೆ ಮುಟ್ಟಿಸಲು ಕಂಡುಕೊಂಡ ಪ್ರತಿಯೊಂದು ಸಾಧನದ ಬೆನ್ನ ಹಿಂದೆಯೇ ಅದನ್ನು ಕೆಡಿಸುವ ಉಪಾಯವೂ, ಆ ಉಪಾಯವನ್ನು ತಡೆಯುವ ಕಟ್ಟಳೆಯೂ ಹುಟ್ಟಿಬಂದಿವೆ. ಅಂಚೆಯವನ ಹಾದಿಗೆ ಕಾವಲು ಬೇಕಾಯಿತು. ತಂತಿಕಂಬಕ್ಕೆ ಶಾಸನ ಬೇಕಾಯಿತು. ಸಮುದ್ರದ ತಳದಲ್ಲಿ ಹಾಸಿದ ತಂತಿಗೆ ಅಂತರರಾಷ್ಟ್ರೀಯ ಕರಾರು ಬೇಕಾಯಿತು. ಇಂದು ಸಂದೇಶವಾಹಕವಾದ ಕೃತಕ ಉಪಗ್ರಹವು ಯಾವ ರಾಷ್ಟ್ರದ ಗಡಿಯೊಳಗೂ ಇಲ್ಲದೆ, ಆದರೂ ಎಲ್ಲ ರಾಷ್ಟ್ರಗಳ ನಿತ್ಯಜೀವನದಲ್ಲಿ ಬೆರೆತುಕೊಂಡು, ಭೂಮಿಯನ್ನು ಸುತ್ತುತ್ತಿದೆ. ಅದನ್ನು ಕೆಡಿಸುವವನು ಈಗ ಕತ್ತರಿಯನ್ನಾಗಲಿ ಕೊಡಲಿಯನ್ನಾಗಲಿ ಹಿಡಿದು ಬರಬೇಕಾಗಿಲ್ಲ. ಸಾವಿರಾರು ಮೈಲಿಗಳಾಚೆ ಗಣಕಯಂತ್ರದ ಮುಂದೆ ಕುಳಿತರೆ ಸಾಕು. ಇಂತಹ ಅಪಾಯದಿಂದ ಉಪಗ್ರಹಗಳನ್ನು ಕಾಪಾಡುವಲ್ಲಿ ಒಂದು ರಾಷ್ಟ್ರದ ಶಾಸನವು ಏನನ್ನು ಮಾಡಬಲ್ಲುದು, ಏನನ್ನು ಮಾಡಲಾರದು ಎಂಬುದನ್ನು ಈ ಲೇಖನದಲ್ಲಿ ಪರ್ಯಾಲೋಚಿಸಬೇಕೆಂದಿದ್ದೇವೆ.

ಇದು ನ್ಯಾಯಶಾಸ್ತ್ರಜ್ಞರ ಇಲ್ಲವೆ ತಂತ್ರಜ್ಞರ ವಿಷಯವೆಂದೂ, ಇತಿಹಾಸದ ವಿದ್ಯಾರ್ಥಿಗಳಿಗೆ ಇಲ್ಲಿ ಕೆಲಸವಿಲ್ಲವೆಂದೂ ಕೆಲವರಿಗೆ ತೋರಬಹುದು. ಆದರೆ ಇಂದಿನ ತೊಡಕಿಗೆ ಹೋಲುವ ತೊಡಕು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಒಮ್ಮೆ ಉದ್ಭವಿಸಿತ್ತು. ಅದನ್ನು ಆಗಿನವರು ಹೇಗೆ ಬಿಡಿಸಿದರು, ಎಲ್ಲಿ ಬಿಡಿಸದೆ ಉಳಿಸಿದರು ಎಂಬುದನ್ನು ತಿಳಿದರೆ ಈಗಿನ ಸಮಸ್ಯೆಯ ಸ್ವರೂಪವು ಸ್ಪಷ್ಟವಾಗುತ್ತದೆ.

೧. ಉಪಗ್ರಹ ವ್ಯವಸ್ಥೆಯ ಅಂಗಗಳು

ಉಪಗ್ರಹವೆಂದೊಡನೆ ನಮ್ಮ ಕಣ್ಣಿನ ಮುಂದೆ ನಿಲ್ಲುವುದು ಆಕಾಶದಲ್ಲಿ ತೇಲುವ ಯಂತ್ರ. ಆದರೆ ವ್ಯವಸ್ಥೆಯನ್ನು ಇಡಿಯಾಗಿ ನೋಡಿದರೆ ಆ ಯಂತ್ರವು ಅದರ ಒಂದು ಅಂಗ ಮಾತ್ರ. ಎರಡನೆಯದು ಭೂಕೇಂದ್ರ. ಉಪಗ್ರಹಕ್ಕೆ ಆದೇಶಗಳನ್ನು ಕಳುಹಿಸುವುದೂ, ಅದರ ಆರೋಗ್ಯವನ್ನು ತಿಳಿಸುವ ಸಂಕೇತಗಳನ್ನು ಸ್ವೀಕರಿಸುವುದೂ ಇಲ್ಲಿಯೇ. ಮೂರನೆಯದು ಬಳಕೆದಾರನ ಕೈಯಲ್ಲಿರುವ ಉಪಕರಣ: ಮನೆಯ ಮಾಳಿಗೆಯ ಮೇಲಿನ ತಟ್ಟೆ, ದೋಣಿಯಲ್ಲಿನ ದಿಕ್ಸೂಚಿ, ಬ್ಯಾಂಕಿನ ಮೋಡೆಮ್. ಈ ಮೂರನ್ನೂ ಕೂಡಿಸುವ ರೇಡಿಯೋ ಸಂಪರ್ಕವನ್ನು ನಾಲ್ಕನೆಯ ಅಂಗವೆಂದು ಎಣಿಸಬಹುದು.

ಕೇಡು ಈ ನಾಲ್ಕರಲ್ಲಿ ಯಾವುದರ ಮೂಲಕವಾದರೂ ಬರಬಹುದು. ಬಲವಾದ ತರಂಗವನ್ನು ಹಾಯಿಸಿ ನಿಜವಾದ ಸಂಕೇತವು ಕೇಳಿಸದಂತೆ ಮಾಡುವುದು ಒಂದು ಬಗೆ. ಸುಳ್ಳು ಸಂಕೇತವನ್ನು ನಿಜವೆಂದು ನಂಬಿಸುವುದು ಎರಡನೆಯ ಬಗೆ. ನೌಕೆಗಳಿಗೂ ವಿಮಾನಗಳಿಗೂ ದಾರಿ ತಪ್ಪಿಸುವ ಪ್ರಯತ್ನಗಳು ಈ ಜಾತಿಯವು. ಭೂಕೇಂದ್ರದ ಗಣಕಜಾಲದೊಳಕ್ಕೆ ನುಸುಳಿ, ಅಧಿಕೃತ ಚಾಲಕನಂತೆಯೇ ಆದೇಶ ಕೊಡುವುದು ಮೂರನೆಯ ಬಗೆ. ಇವುಗಳಲ್ಲಿ ಮೂರನೆಯದೇ ಅತ್ಯಂತ ಘೋರವಾದುದು, ಏಕೆಂದರೆ ಅಲ್ಲಿ ಉಪಗ್ರಹವು ಕೆಡುವುದಿಲ್ಲ, ಒಡೆಯನನ್ನು ಬದಲಾಯಿಸುತ್ತದೆ.

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ದೊಡ್ಡ ಸಂಪರ್ಕ ಉಪಗ್ರಹವೊಂದನ್ನು ಹತ್ತು ಹದಿನೈದು ವರ್ಷಗಳ ಬಾಳಿಕೆಗೆ ಕಟ್ಟುತ್ತಾರೆ. ಕಚೇರಿಯಲ್ಲಿರುವ ಗಣಕಯಂತ್ರ ಹಳತಾದರೆ ಬದಲಾಯಿಸಬಹುದು. ಭೂಮಿಯಿಂದ ಸುಮಾರು ೩೬,೦೦೦ ಕಿಲೋಮೀಟರ್ ಎತ್ತರದಲ್ಲಿರುವ ಯಂತ್ರದ ಭಾಗಗಳನ್ನು ಹಾಗೆ ಬದಲಾಯಿಸಲು ಬರುವುದಿಲ್ಲ. ಆದಕಾರಣ ಹಾರಿಸುವ ಮುನ್ನ ಯಾವ ರಕ್ಷಣೆಯನ್ನು ಅದರಲ್ಲಿ ಅಳವಡಿಸಿರುತ್ತಾರೋ ಬಹುಮಟ್ಟಿಗೆ ಅದೇ ಅದರ ಆಯುಷ್ಯವಿಡೀ ಇರುವ ರಕ್ಷಣೆ. ಶಾಸನವು ಮಾತನಾಡಬೇಕಾದ ಕಾಲವೂ ಉಡಾವಣೆಗೆ ಮುಂಚಿನದೇ ಎಂಬುದು ಇದರಿಂದ ಸಿದ್ಧವಾಗುತ್ತದೆ.

೨. ಸಮುದ್ರತಂತಿಯ ನಿದರ್ಶನ

೧೮೬೬ರಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿದ ತಂತಿಯು ಸ್ಥಿರವಾಗಿ ಕೆಲಸಮಾಡತೊಡಗಿತು. ೧೮೭೦ರಲ್ಲಿ ಮುಂಬಯಿಗೂ ಇಂಗ್ಲೆಂಡಿಗೂ ಸಮುದ್ರಮಾರ್ಗದ ತಂತಿಸಂಪರ್ಕ ಏರ್ಪಟ್ಟಿತು. ವ್ಯಾಪಾರದ ಬೆಲೆ, ಸೈನ್ಯದ ಚಲನೆ, ಸರಕಾರದ ಅಪ್ಪಣೆ ಇವೆಲ್ಲ ಈ ತಂತಿಗಳ ಮೇಲೆ ಹರಿಯತೊಡಗಿದವು. ಆದರೆ ತಂತಿಯು ಹಾದುಹೋಗುವ ಸಮುದ್ರವು ಯಾರ ಸ್ವತ್ತೂ ಅಲ್ಲ. ಅಲ್ಲಿ ಒಬ್ಬ ಮೀನುಗಾರನ ಲಂಗರು ತಂತಿಯನ್ನು ಹರಿದರೆ, ಅಥವಾ ಯಾರಾದರೂ ಬೇಕೆಂದೇ ಅದನ್ನು ಕಡಿದರೆ, ವಿಚಾರಿಸುವ ಅಧಿಕಾರ ಯಾವ ನ್ಯಾಯಾಲಯದ್ದು? ಇಂದು ಉಪಗ್ರಹವನ್ನು ಕುರಿತು ಕೇಳುವ ಪ್ರಶ್ನೆಯೂ ಇದಕ್ಕಿಂತ ಬೇರೆಯಲ್ಲ.

ಈ ಪ್ರಶ್ನೆಗೆ ಉತ್ತರವಾಗಿ ೧೮೮೪ರ ಮಾರ್ಚ್ ೧೪ರಂದು ಪ್ಯಾರಿಸ್ ನಗರದಲ್ಲಿ ಸಮುದ್ರತಂತಿಗಳ ರಕ್ಷಣೆಗಾಗಿ ಒಂದು ಕರಾರು ಆಯಿತು. ಬುದ್ಧಿಪೂರ್ವಕವಾಗಿ ಅಥವಾ ದಂಡಾರ್ಹವಾದ ಅಜಾಗರೂಕತೆಯಿಂದ ತಂತಿಯನ್ನು ಕಡಿಯುವುದು ಅಪರಾಧವೆಂದು ಅದು ಸಾರಿತು. ಅಪರಾಧಿಯ ಹಡಗು ಯಾವ ರಾಷ್ಟ್ರದ ಬಾವುಟವನ್ನು ಹಾರಿಸುತ್ತಿತ್ತೋ ಮುಖ್ಯವಾಗಿ ಆ ರಾಷ್ಟ್ರದ ನ್ಯಾಯಾಲಯವೇ ವಿಚಾರಿಸಬೇಕೆಂದು ನಿಯಮವಾಯಿತು. ಆದರೆ ಕರಾರು ತಾನಾಗಿಯೇ ಯಾರನ್ನೂ ಸೆರೆಮನೆಗೆ ಕಳುಹಿಸಲಾರದು. ಆದುದರಿಂದ ಸಹಿ ಮಾಡಿದ ಪ್ರತಿಯೊಂದು ರಾಷ್ಟ್ರವೂ ತನ್ನ ಶಾಸನಸಭೆಯಲ್ಲಿ ದಂಡನೆಯ ಕಾಯಿದೆಯನ್ನು ಮಾಡಬೇಕಾಯಿತು. ಬ್ರಿಟನ್ ೧೮೮೫ರಲ್ಲಿಯೇ ಹಾಗೆ ಮಾಡಿತು. ಅದೇ ವರ್ಷ ಭಾರತದಲ್ಲಿ ಜಾರಿಗೆ ಬಂದ ತಂತಿ ಕಾಯಿದೆಯು ನೆಲದ ಮೇಲಿನ ತಂತಿಗಳನ್ನು ಬೇಕೆಂದು ಕೆಡಿಸಿದವರಿಗೆ ಮೂರು ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸಿತು. ೧೮೫೭ರಲ್ಲಿ ತಂತಿಗಳನ್ನು ಕಡಿದವರ ನೆನಪು ಆಗಿನ ಸರಕಾರಕ್ಕೆ ಮಾಸಿರಲಿಲ್ಲ. ೧೯೪೨ರ ಚಳವಳಿಯಲ್ಲಿ ಕರ್ಣಾಟಕದ ಹಳ್ಳಿಗಳಲ್ಲಿಯೂ ತಂತಿಗಳನ್ನು ಕತ್ತರಿಸಿದವರು ಇಂತಹ ಕಟ್ಟಳೆಗಳ ದಂಡನೆಯನ್ನು ತಿಳಿದೇ ಮುಂದಾದರು. ಸಂಪರ್ಕಸಾಧನವೆಂಬುದು ಯಾವಾಗಲೂ ಅಧಿಕಾರದ ನರವಾಗಿರುವುದರಿಂದ ಅದನ್ನು ರಕ್ಷಿಸುವ ಶಾಸನದಲ್ಲಿ ಅಧಿಕಾರದ ಪ್ರಶ್ನೆಯೂ ಅಡಗಿರುತ್ತದೆಂಬುದಕ್ಕೆ ಇದು ಸಾಕ್ಷಿ.

ಪ್ಯಾರಿಸ್ ಕರಾರಿನಲ್ಲಿ ಒಂದು ದೊಡ್ಡ ಬಿರುಕಿತ್ತು. ಯುದ್ಧನಿರತ ರಾಷ್ಟ್ರಗಳ ಸ್ವಾತಂತ್ರ್ಯಕ್ಕೆ ಈ ಕರಾರಿನಿಂದ ಯಾವ ಅಡ್ಡಿಯೂ ಇಲ್ಲವೆಂದು ಅದರ ೧೫ನೆಯ ವಿಧಿ ಹೇಳಿತು. ಇದರ ಫಲ ೧೯೧೪ರಲ್ಲಿ ಕಾಣಿಸಿಕೊಂಡಿತು. ಯುದ್ಧ ಘೋಷಣೆಯಾದ ಮರುದಿನ, ಆಗಸ್ಟ್ ೫ರಂದು, ಬ್ರಿಟಿಷ್ ನೌಕೆಯೊಂದು ಇಂಗ್ಲಿಷ್ ಕಾಲುವೆಯಲ್ಲಿ ಜರ್ಮನಿಯ ಸಮುದ್ರತಂತಿಗಳನ್ನು ಕಡಿದುಹಾಕಿತು. ಸ್ವಂತ ತಂತಿಗಳನ್ನು ಕಳೆದುಕೊಂಡ ಜರ್ಮನಿಯು ಪರರ ತಂತಿಗಳನ್ನು ಆಶ್ರಯಿಸಬೇಕಾಯಿತು. ೧೯೧೭ರಲ್ಲಿ ಅದರ ವಿದೇಶಾಂಗ ಕಾರ್ಯದರ್ಶಿ ತ್ಸಿಮ್ಮರ್‌ಮನ್ ಕಳುಹಿಸಿದ ಗೂಢಸಂದೇಶವು ಬ್ರಿಟಿಷರ ಕೈಗೆ ಸಿಕ್ಕಿ, ಅಮೆರಿಕವು ಯುದ್ಧಕ್ಕಿಳಿಯಲು ಒಂದು ಕಾರಣವಾಯಿತು. ಮೀನುಗಾರನ ಕೈಯನ್ನು ಕಟ್ಟಿದ ಕರಾರು ನೌಕಾಸೇನೆಯ ಕೈಯನ್ನು ಮುಟ್ಟಿರಲಿಲ್ಲ. ಈ ಬಿರುಕನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಹೋಗೋಣ.

೩. ೧೯೬೭ರ ಒಪ್ಪಂದ ಮತ್ತು ಹೊಣೆಗಾರಿಕೆಯ ವಿಚಾರ

ಬಾಹ್ಯಾಕಾಶದ ಕಾನೂನಿಗೆ ತಾಯಿಬೇರು ೧೯೬೭ರ ಬಾಹ್ಯಾಕಾಶ ಒಪ್ಪಂದ. ಭಾರತವು ಅದನ್ನು ೧೯೮೨ರಲ್ಲಿ ಸ್ಥಿರೀಕರಿಸಿತು. ನಮ್ಮ ಪ್ರಕೃತ ವಿಷಯಕ್ಕೆ ಅದರ ಮೂರು ವಿಧಿಗಳು ಮುಖ್ಯವಾದವು. ಆರನೆಯ ವಿಧಿಯಂತೆ ಬಾಹ್ಯಾಕಾಶದಲ್ಲಿ ನಡೆಯುವ ಕಾರ್ಯಕ್ಕೆ, ಅದನ್ನು ಸರಕಾರವೇ ಮಾಡಲಿ ಖಾಸಗಿ ಸಂಸ್ಥೆ ಮಾಡಲಿ, ರಾಷ್ಟ್ರವೇ ಜವಾಬ್ದಾರಿ. ಖಾಸಗಿಯವರಿಗೆ ರಾಷ್ಟ್ರವು ಅನುಮತಿ ಕೊಡಬೇಕು ಮತ್ತು ಎಡೆಬಿಡದೆ ಮೇಲ್ವಿಚಾರಣೆ ನಡೆಸಬೇಕು. ಏಳನೆಯ ವಿಧಿಯಂತೆ ಉಡಾವಣೆ ಮಾಡಿದ ಅಥವಾ ಮಾಡಿಸಿದ ರಾಷ್ಟ್ರವು ಹಾನಿಗೆ ಹೊಣೆ. ಎಂಟನೆಯ ವಿಧಿಯಂತೆ ಒಂದು ವಸ್ತುವನ್ನು ಯಾವ ರಾಷ್ಟ್ರವು ತನ್ನ ದಾಖಲೆಯಲ್ಲಿ ನೋಂದಾಯಿಸಿದೆಯೋ ಆ ರಾಷ್ಟ್ರಕ್ಕೆ ಅದರ ಮೇಲೆ ಅಧಿಕಾರವೂ ನಿಯಂತ್ರಣವೂ ಇರುತ್ತವೆ. ಹಡಗಿಗೆ ಬಾವುಟವಿದ್ದಂತೆ ಉಪಗ್ರಹಕ್ಕೆ ನೋಂದಣಿ ಎಂದು ತಿಳಿಯಬಹುದು.

೧೯೭೨ರ ಹೊಣೆಗಾರಿಕೆಯ ಕರಾರು ಏಳನೆಯ ವಿಧಿಯನ್ನು ವಿಸ್ತರಿಸಿತು. ಉಪಗ್ರಹವು ಭೂಮಿಯ ಮೇಲೆ ಬಿದ್ದು ಹಾನಿಯಾದರೆ ತಪ್ಪು ಯಾರದೆಂದು ಕೇಳದೆ ಉಡಾವಣಾ ರಾಷ್ಟ್ರವು ಪರಿಹಾರ ಕೊಡಬೇಕು. ಬಾಹ್ಯಾಕಾಶದಲ್ಲಿ ಬೇರೊಂದು ಉಪಗ್ರಹಕ್ಕೆ ಹಾನಿಯಾದರೆ ತಪ್ಪು ಸಿದ್ಧವಾದಲ್ಲಿ ಮಾತ್ರ ಕೊಡಬೇಕು. ೧೯೭೮ರ ಜನವರಿಯಲ್ಲಿ ಸೋವಿಯತ್ ದೇಶದ ಕಾಸ್ಮೋಸ್ ೯೫೪ ಎಂಬ ಪರಮಾಣುಶಕ್ತಿಯ ಉಪಗ್ರಹವು ಕೆನಡದ ಉತ್ತರ ಪ್ರದೇಶದಲ್ಲಿ ಚೂರುಚೂರಾಗಿ ಬಿದ್ದಿತು. ಕೆನಡ ಸುಮಾರು ೬೦ ಲಕ್ಷ ಡಾಲರುಗಳನ್ನು ಕೇಳಿತು. ೧೯೮೧ರಲ್ಲಿ ೩೦ ಲಕ್ಷ ಡಾಲರುಗಳಿಗೆ ವಿವಾದ ಬಗೆಹರಿಯಿತು.

ಈ ಕರಾರುಗಳನ್ನು ಬರೆದವರ ಮನಸ್ಸಿನಲ್ಲಿದ್ದುದು ಬೀಳುವ ಉಪಗ್ರಹ, ಡಿಕ್ಕಿ ಹೊಡೆಯುವ ಉಪಗ್ರಹ, ಅಪಹೃತವಾದ ಉಪಗ್ರಹವಲ್ಲ. ಅಂತಹದೊಂದನ್ನು ಕಲ್ಪಿಸಿಕೊಳ್ಳೋಣ. ದೂರದ ಯಾವನೋ ಒಬ್ಬನು ನಮ್ಮ ದೇಶದ ಉಪಗ್ರಹದ ನಿಯಂತ್ರಣವನ್ನು ಕಸಿದುಕೊಂಡು ಅದನ್ನು ಕೆಳಕ್ಕಿಳಿಸುತ್ತಾನೆ. ಅದು ಮೂರನೆಯ ದೇಶವೊಂದರಲ್ಲಿ ಬಿದ್ದು ಹಾನಿ ಮಾಡುತ್ತದೆ. ಹಾನಿಗೊಳಗಾದ ದೇಶದ್ದೇ ಘೋರ ನಿರ್ಲಕ್ಷ್ಯ ಅಥವಾ ದುರುದ್ದೇಶ ಇದ್ದಲ್ಲಿ ಮಾತ್ರ ಉಡಾವಣಾ ರಾಷ್ಟ್ರಕ್ಕೆ ಬಿಡುಗಡೆಯೆಂದು ಕರಾರು ಹೇಳುತ್ತದೆ. ಹೊರಗಿನ ಕಳ್ಳನ ಕೃತ್ಯವನ್ನು ಅದು ಬಿಡುಗಡೆಯ ಕಾರಣವಾಗಿ ಎಣಿಸಿಲ್ಲ. ಅಂದರೆ ಪರಿಹಾರವನ್ನು ತೆರಬೇಕಾದದ್ದು ನಾವೇ. ಇನ್ನು ಅದೇ ಉಪಗ್ರಹವು ಬಾಹ್ಯಾಕಾಶದಲ್ಲಿ ಇನ್ನೊಂದಕ್ಕೆ ಬಡಿದರೆ, ತಪ್ಪಿನ ವಿಚಾರಣೆ ನಡೆಯುತ್ತದೆ. ಆಗ ಕೇಳುವ ಪ್ರಶ್ನೆ ಇದು: ಒಡೆಯನು ತಕ್ಕ ಎಚ್ಚರಿಕೆಯನ್ನು ವಹಿಸಿದ್ದನೆ? ಆದೇಶ ಸಂಕೇತಗಳನ್ನು ಗೂಢಲಿಪಿಯಲ್ಲಿ ಕಳುಹಿಸುತ್ತಿದ್ದನೆ? ತಕ್ಕ ಎಚ್ಚರಿಕೆ ಎಂದರೆ ಏನೆಂಬುದನ್ನು ಕರಾರು ಹೇಳಿಲ್ಲ. ಅದನ್ನು ರಾಷ್ಟ್ರದ ಶಾಸನವೇ ಮುಂಚಿತವಾಗಿ ನಿಷ್ಕರ್ಷಿಸಿರದಿದ್ದರೆ, ನಮ್ಮ ಪಾಲಿನ ಎಚ್ಚರಿಕೆಯನ್ನು ಇತರರು ತಮ್ಮ ಅಳತೆಗೋಲಿನಿಂದ ಅಳೆಯುತ್ತಾರೆ.

೪. ಮೂರು ಘಟನೆಗಳು

ಮೇಲಿನದು ಕಲ್ಪನೆ. ಈಗ ನಡೆದ ಸಂಗತಿಗಳನ್ನು ನೋಡೋಣ.

೧೯೮೬ರ ಏಪ್ರಿಲ್ ೨೭ರ ರಾತ್ರಿ ಅಮೆರಿಕದಲ್ಲಿ ಎಚ್‌ಬಿಓ ಎಂಬ ದೂರದರ್ಶನ ವಾಹಿನಿಯ ಚಲನಚಿತ್ರವು ಮಾಯವಾಗಿ, ಅದರ ಸ್ಥಾನದಲ್ಲಿ 'ಕ್ಯಾಪ್ಟನ್ ಮಿಡ್‌ನೈಟ್' ಎಂಬ ಹೆಸರಿನ ಸಂದೇಶವೊಂದು ನಾಲ್ಕು ನಿಮಿಷಗಳಿಗೂ ಹೆಚ್ಚು ಕಾಲ ಕಾಣಿಸಿತು. ತಿಂಗಳಿಗೆ ೧೨.೯೫ ಡಾಲರ್ ಶುಲ್ಕ ವಿಧಿಸಿದ್ದಕ್ಕೆ ಅದು ಪ್ರತಿಭಟನೆ. ಫ್ಲಾರಿಡ ಪ್ರಾಂತದ ಪ್ರಸಾರ ಕೇಂದ್ರವೊಂದರ ನೌಕರನು ಅಲ್ಲಿನ ಬಲವಾದ ಪ್ರೇಷಕವನ್ನು ಬಳಸಿ ಉಪಗ್ರಹದ ಮೇಲೆ ತನ್ನ ಸಂಕೇತವನ್ನು ಹೇರಿದ್ದನು. ಅವನಿಗೆ ಆದ ಶಿಕ್ಷೆ ೫,೦೦೦ ಡಾಲರ್ ದಂಡ ಮತ್ತು ಒಂದು ವರ್ಷದ ಪರೀಕ್ಷಣಾವಧಿ. ಆಗಿನ ಕಾನೂನಿನಲ್ಲಿ ಇದು ಅನುಮತಿಯಿಲ್ಲದ ಪ್ರಸಾರವೆಂಬ ಸಣ್ಣ ಅಪರಾಧವಾಗಿತ್ತು. ಅದೇ ವರ್ಷ ಅಮೆರಿಕದ ಶಾಸನಸಭೆಯು ಉಪಗ್ರಹ ಸಂಪರ್ಕಕ್ಕೆ ಅಡ್ಡಿ ಮಾಡುವುದನ್ನು ಹತ್ತು ವರ್ಷಗಳವರೆಗಿನ ಸೆರೆವಾಸಕ್ಕೆ ಗುರಿಯಾಗುವ ಗುರುತರ ಅಪರಾಧವೆಂದು ಪರಿಗಣಿಸಿತು. ಆದರೆ ಸರಕಾರದ ಅಧಿಕೃತ ತನಿಖೆ ಮತ್ತು ಗುಪ್ತಚರ ಕಾರ್ಯಗಳಿಗೆ ಅದರಲ್ಲಿಯೂ ವಿನಾಯಿತಿಯನ್ನು ಇಟ್ಟಿತು.

ಎರಡನೆಯದು ೨೦೦೭-೦೮ರ ಸಂಗತಿ. ಭೂಮಿಯ ಚಿತ್ರ ತೆಗೆಯುವ ಅಮೆರಿಕದ ಲ್ಯಾಂಡ್‌ಸ್ಯಾಟ್-೭ ಮತ್ತು ಟೆರ್ರಾ ಉಪಗ್ರಹಗಳು ತಲಾ ಎರಡು ಸಲ ಹೊರಗಿನವರ ಕೈವಾಡಕ್ಕೆ ಒಳಗಾದವೆಂದು ಅಮೆರಿಕದ ಶಾಸನಸಭೆಯು ನೇಮಿಸಿದ ಆಯೋಗವೊಂದು ೨೦೧೧ರ ವರದಿಯಲ್ಲಿ ತಿಳಿಸಿತು. ಟೆರ್ರಾ ವಿಷಯದಲ್ಲಿ ನುಸುಳಿದವರು ಆದೇಶ ಕೊಡಲು ಬೇಕಾದ ಎಲ್ಲ ಹಂತಗಳನ್ನೂ ದಾಟಿ, ಆದೇಶವನ್ನು ಮಾತ್ರ ಕೊಡಲಿಲ್ಲ. ಲ್ಯಾಂಡ್‌ಸ್ಯಾಟ್ ಮೇಲಿನ ೨೦೦೭ರ ಕೈವಾಡವು ಬೆಳಕಿಗೆ ಬಂದದ್ದು ೨೦೦೮ರಲ್ಲಿ ಎರಡನೆಯ ಸಲ ಹಾಗಾದ ಮೇಲೆಯೇ. ಕದ್ದವನು ಯಾರೆಂಬುದು ಹಾಗಿರಲಿ, ಕಳವಾಯಿತೆಂಬುದೇ ತಿಂಗಳುಗಟ್ಟಲೆ ತಿಳಿಯದಿರಬಹುದೆಂಬುದು ಇಲ್ಲಿನ ಪಾಠ.

ಮೂರನೆಯದು ೨೦೨೨ರ ಫೆಬ್ರವರಿ ೨೪ರದು. ರಷ್ಯದ ಸೈನ್ಯವು ಯುಕ್ರೇನಿನೊಳಕ್ಕೆ ನುಗ್ಗುವುದಕ್ಕೆ ಸುಮಾರು ಒಂದು ಗಂಟೆ ಮೊದಲು, ಅಮೆರಿಕದ ವಯಾಸ್ಯಾಟ್ ಸಂಸ್ಥೆಗೆ ಸೇರಿದ ಕೆಎ-ಸ್ಯಾಟ್ ಉಪಗ್ರಹದ ಬಳಕೆದಾರರ ಮೋಡೆಮ್‌ಗಳು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಒಮ್ಮೆಲೇ ನಿಶ್ಚಲವಾದವು. ದಾಳಿಕಾರರು ಇಟಲಿಯ ಟ್ಯೂರಿನ್ ನಗರದಲ್ಲಿದ್ದ ನಿರ್ವಹಣಾ ಜಾಲವನ್ನು, ಸರಿಯಾಗಿ ಹೊಂದಿಸದಿದ್ದ ಒಂದು ದೂರಸಂಪರ್ಕ ಉಪಕರಣದ ಮೂಲಕ ಹೊಕ್ಕಿದ್ದರು. ಅಲ್ಲಿಂದ ಮೋಡೆಮ್‌ಗಳ ಸ್ಮೃತಿಯನ್ನು ಅಳಿಸುವ ಆದೇಶಗಳನ್ನು ಕಳುಹಿಸಿದ್ದರು. ಯುಕ್ರೇನಿನ ಸಂಪರ್ಕ ಕಡಿಯಿತು. ಜರ್ಮನಿಯಲ್ಲಿ ಸುಮಾರು ೫,೮೦೦ ಗಾಳಿಯಂತ್ರಗಳನ್ನು ದೂರದಿಂದ ಗಮನಿಸುವ ಏರ್ಪಾಡು ನಿಂತುಹೋಯಿತು. ಮುಂದೆ ಸಂಸ್ಥೆಯು ೩೦,೦೦೦ದಷ್ಟು ಹೊಸ ಮೋಡೆಮ್‌ಗಳನ್ನು ವಿತರಿಸಬೇಕಾಯಿತು. ಉಪಗ್ರಹಕ್ಕೆ ಮಾತ್ರ ಒಂದು ಗೀರೂ ಬಿದ್ದಿರಲಿಲ್ಲ.

ಈ ದಾಳಿಯನ್ನು ರಷ್ಯವೇ ಮಾಡಿಸಿತೆಂದು ಐರೋಪ್ಯ ಒಕ್ಕೂಟ, ಬ್ರಿಟನ್ ಮತ್ತು ಅಮೆರಿಕ ಅದೇ ವರ್ಷದ ಮೇ ೧೦ರಂದು ಬಹಿರಂಗವಾಗಿ ಆರೋಪಿಸಿದವು. ಈಗ ಕಾನೂನಿನ ದೃಷ್ಟಿಯಿಂದ ಇದನ್ನು ಪರೀಕ್ಷಿಸಿ. ಸಂಸ್ಥೆ ಅಮೆರಿಕದ್ದು, ನಿರ್ವಹಣಾ ಜಾಲ ಇಟಲಿಯದು, ಗುರಿ ಯುಕ್ರೇನ್, ನಷ್ಟ ಜರ್ಮನಿಗೂ ಆಯಿತು. ೧೯೭೨ರ ಕರಾರು ಇಲ್ಲಿ ಮೌನವಾಗಿದೆ, ಏಕೆಂದರೆ ಅದು ಹೇಳುವುದು ಉಪಗ್ರಹವು ಮಾಡಿದ ಹಾನಿಯನ್ನು. ಉಪಗ್ರಹ ವ್ಯವಸ್ಥೆಗೆ ಆದ ಹಾನಿಯನ್ನಲ್ಲ. ಹೀಗೆ ಅಪಹರಣಕ್ಕೊಳಗಾದವನು ಇತರರಿಗೆ ಪರಿಹಾರ ಕೊಡಬೇಕಾಗಬಹುದು, ಆದರೆ ತನಗಾದ ನಷ್ಟಕ್ಕೆ ಅದೇ ಕರಾರಿನಿಂದ ಪರಿಹಾರ ಪಡೆಯಲಾರನು. ಈ ಅಸಮತೆಯನ್ನು ಸರಿತೂಗಿಸುವ ಭಾರವು ರಾಷ್ಟ್ರೀಯ ಶಾಸನದ ಮೇಲೆ ಬೀಳುತ್ತದೆ.

೫. ಇತರ ದೇಶಗಳ ಪ್ರಯತ್ನಗಳು

ಅಮೆರಿಕವು ೨೦೨೦ರ ಸೆಪ್ಟೆಂಬರಿನಲ್ಲಿ ಬಾಹ್ಯಾಕಾಶ ನೀತಿಯ ಐದನೆಯ ನಿರ್ದೇಶನವನ್ನು ಹೊರಡಿಸಿತು. ಆದೇಶ ಸಂಪರ್ಕವನ್ನು ಅನಧಿಕೃತ ಪ್ರವೇಶದಿಂದ ಕಾಪಾಡಬೇಕು, ಕಳೆದುಹೋದ ನಿಯಂತ್ರಣವನ್ನು ಮರಳಿ ಪಡೆಯುವ ಉಪಾಯವಿರಬೇಕು, ಭೂಕೇಂದ್ರಗಳನ್ನೂ ಬಿಡಿಭಾಗಗಳ ಸರಬರಾಜನ್ನೂ ಗಮನಿಸಬೇಕು ಎಂಬ ತತ್ತ್ವಗಳು ಅದರಲ್ಲಿವೆ. ಅವು ತತ್ತ್ವಗಳು, ಮೀರಿದವನಿಗೆ ಶಿಕ್ಷೆಯಿಲ್ಲ. ಬ್ರಿಟನ್ ಇನ್ನೊಂದು ದಾರಿ ಹಿಡಿಯಿತು. ೨೦೧೮ರ ಬಾಹ್ಯಾಕಾಶ ಉದ್ಯಮ ಕಾಯಿದೆಯ ಕೆಳಗೆ ೨೦೨೧ರಲ್ಲಿ ರಚಿಸಿದ ನಿಯಮಗಳಂತೆ, ಪರವಾನಗಿ ಪಡೆದವನು ಸೈಬರ್ ಭದ್ರತೆಯ ಯೋಜನೆಯೊಂದನ್ನು ಸಿದ್ಧಪಡಿಸಿ ಪಾಲಿಸಬೇಕು. ಆಸ್ಟ್ರೇಲಿಯವು ೨೦೨೧ರ ತಿದ್ದುಪಡಿಯಿಂದ ಬಾಹ್ಯಾಕಾಶ ತಂತ್ರಜ್ಞಾನವನ್ನು ತನ್ನ ನಿರ್ಣಾಯಕ ಮೂಲಸೌಕರ್ಯಗಳ ಕ್ಷೇತ್ರಗಳಲ್ಲಿ ಸೇರಿಸಿತು. ಐರೋಪ್ಯ ಒಕ್ಕೂಟವು ೨೦೨೨ರ ಡಿಸೆಂಬರಿನ ನಿರ್ದೇಶನದಲ್ಲಿ ಬಾಹ್ಯಾಕಾಶ ಸೇವೆಗಳಿಗೆ ಆಧಾರವಾದ ಭೂಕೇಂದ್ರಗಳನ್ನು ಅತಿ ಮಹತ್ವದ ಕ್ಷೇತ್ರವೆಂದು ಎಣಿಸಿ, ಅವುಗಳ ನಿರ್ವಾಹಕರ ಮೇಲೆ ಕರ್ತವ್ಯಗಳನ್ನು ವಿಧಿಸಿತು. ೨೦೨೫ರ ಜೂನಿನಲ್ಲಿ ಇಡೀ ಒಕ್ಕೂಟಕ್ಕೆ ಅನ್ವಯಿಸುವ ಬಾಹ್ಯಾಕಾಶ ಶಾಸನದ ಕರಡನ್ನು ಮಂಡಿಸಿತು.

ಇವನ್ನು ಒಟ್ಟಿಗೆ ನೋಡಿದಾಗ ಒಂದು ಬದಲಾವಣೆ ಎದ್ದುಕಾಣುತ್ತದೆ. ೧೮೮೪ರಿಂದ ೧೯೮೬ರವರೆಗಿನ ಕಟ್ಟಳೆಗಳು ಮುಖ್ಯವಾಗಿ ಕೆಡಿಸುವವನಿಗೆ ಶಿಕ್ಷೆ ವಿಧಿಸಿದವು. ಈಚಿನವು ಕಾಪಾಡಬೇಕಾದವನಿಗೆ ಕರ್ತವ್ಯ ವಿಧಿಸುತ್ತವೆ. ಕಾರಣ ಸ್ಪಷ್ಟವಾಗಿದೆ. ಗಣಕಜಾಲದ ಅಪರಾಧಿಯು ಪರರಾಷ್ಟ್ರದ ಆಶ್ರಯದಲ್ಲಿರುವಾಗ ಅವನು ನ್ಯಾಯಾಲಯದ ಕೈಗೆ ಸಿಗುವುದು ದುರ್ಲಭ. ಭೂಕೇಂದ್ರದ ಒಡೆಯನಾದರೋ ಕೈಗೆಟಕುವಲ್ಲಿಯೇ ಇದ್ದಾನೆ.

೬. ಭಾರತದ ಸ್ಥಿತಿ

ನಮ್ಮ ದೇಶದ ಬಾಹ್ಯಾಕಾಶ ಕಾರ್ಯಕ್ಕೂ ಕರ್ಣಾಟಕಕ್ಕೂ ಇರುವ ಸಂಬಂಧವನ್ನು ವಾಚಕರು ಬಲ್ಲರು. ೧೯೬೯ರ ಆಗಸ್ಟ್ ೧೫ರಂದು ಸ್ಥಾಪಿತವಾದ ಇಸ್ರೋ ಸಂಸ್ಥೆಯ ಕೇಂದ್ರ ಕಚೇರಿ ಬೆಂಗಳೂರಿನಲ್ಲಿದೆ. ೧೯೭೫ರ ಏಪ್ರಿಲ್ ೧೯ರಂದು ಸೋವಿಯತ್ ರಾಕೆಟ್ಟಿನ ಮೇಲೆ ಹಾರಿದ 'ಆರ್ಯಭಟ'ವನ್ನು ಕಟ್ಟಿದ್ದು ಪೀಣ್ಯದಲ್ಲಿ. ಹಾಸನದಲ್ಲಿ ೧೯೮೨ರಲ್ಲಿ ಆರಂಭವಾದ ಮುಖ್ಯ ನಿಯಂತ್ರಣ ಕೇಂದ್ರವು ಭೂಸ್ಥಿರ ಕಕ್ಷೆಯ ಉಪಗ್ರಹಗಳನ್ನು ನಡೆಸುತ್ತದೆ. ಬ್ಯಾಲಾಳುವಿನ ದೊಡ್ಡ ಆಂಟೆನಾಗಳು ಚಂದ್ರ ಮತ್ತು ಮಂಗಳಗಳವರೆಗಿನ ನೌಕೆಗಳೊಡನೆ ಮಾತನಾಡಿವೆ. ಉಪಗ್ರಹದ ಮೇಲಣ ದಾಳಿಯು ಬಹುಮಟ್ಟಿಗೆ ಭೂಕೇಂದ್ರದ ಮೂಲಕ ನಡೆಯುವುದೆಂಬುದನ್ನು ನೆನೆದರೆ ಈ ವಿಷಯವು ನಮ್ಮಿಂದ ದೂರದ್ದಲ್ಲವೆಂದು ತಿಳಿಯುತ್ತದೆ.

ಬಹುಕಾಲದವರೆಗೆ ಭಾರತದಲ್ಲಿ ಉಪಗ್ರಹಗಳನ್ನು ಕಟ್ಟುವವರೂ ಹಾರಿಸುವವರೂ ನಡೆಸುವವರೂ ಮುಖ್ಯವಾಗಿ ಸರಕಾರದವರೇ ಆಗಿದ್ದರು. ಆಗ ಇಲಾಖೆಯ ಒಳ ಆಜ್ಞೆಗಳೇ ಸಾಕಾಗುತ್ತಿದ್ದವು. ಪ್ರತ್ಯೇಕ ಶಾಸನದ ಕೊರತೆ ಅಷ್ಟಾಗಿ ಬಾಧಿಸಲಿಲ್ಲ. ೨೦೨೦ರಲ್ಲಿ ಖಾಸಗಿ ಸಂಸ್ಥೆಗಳಿಗೆ ಬಾಗಿಲು ತೆರೆದು, ಅವುಗಳಿಗೆ ಅನುಮತಿ ಕೊಡಲು ಇನ್-ಸ್ಪೇಸ್ ಎಂಬ ಸಂಸ್ಥೆಯನ್ನು ಏರ್ಪಡಿಸಿದ ಮೇಲೆ ಸ್ಥಿತಿ ಬದಲಾಯಿತು. ೨೦೨೨ರ ನವೆಂಬರಿನಲ್ಲಿ ಮೊದಲ ಖಾಸಗಿ ರಾಕೆಟ್ ಹಾರಿತು. ೨೦೨೫ರ ಜನವರಿಯಲ್ಲಿ ಬೆಂಗಳೂರಿನ ಪಿಕ್ಸೆಲ್ ಸಂಸ್ಥೆಯು ಮೂರು ಉಪಗ್ರಹಗಳನ್ನು ಅಮೆರಿಕದ ರಾಕೆಟ್ಟಿನಲ್ಲಿ ಕಳುಹಿಸಿತು. ೧೯೬೭ರ ಒಪ್ಪಂದದ ಆರನೆಯ ವಿಧಿಯಂತೆ ಇಂತಹವುಗಳಿಗೆಲ್ಲ ರಾಷ್ಟ್ರವೇ ಜವಾಬ್ದಾರಿ. ೨೦೧೭ರಲ್ಲಿ ಬಾಹ್ಯಾಕಾಶ ಚಟುವಟಿಕೆಗಳ ಮಸೂದೆಯ ಕರಡೊಂದು ಪ್ರಕಟವಾಯಿತು, ಆದರೆ ಅದು ಕಾಯಿದೆಯಾಗಲಿಲ್ಲ. ೨೦೨೩ರ ಏಪ್ರಿಲಿನಲ್ಲಿ ಹೊರಬಂದ ಭಾರತೀಯ ಬಾಹ್ಯಾಕಾಶ ನೀತಿಯೂ, ೨೦೨೪ರ ಮೇ ತಿಂಗಳ ಇನ್-ಸ್ಪೇಸ್ ಕಾರ್ಯವಿಧಾನಗಳೂ ಉಪಯುಕ್ತವಾದವೇ ಸರಿ. ಆದರೆ ನೀತಿಯು ಶಾಸನವಲ್ಲ.

ಹಾಗಾದರೆ ಸದ್ಯಕ್ಕೆ ರಕ್ಷಣೆಯೇ ಇಲ್ಲವೆ? ಇದೆ. ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ೭೦ನೆಯ ಪ್ರಕರಣದಂತೆ, ಕೆಟ್ಟರೆ ರಾಷ್ಟ್ರದ ಭದ್ರತೆ, ಆರ್ಥಿಕ ಸ್ಥಿತಿ, ಸಾರ್ವಜನಿಕ ಆರೋಗ್ಯ ಅಥವಾ ಕ್ಷೇಮಗಳನ್ನು ದುರ್ಬಲಗೊಳಿಸುವಂತಹ ಗಣಕ ಸಾಧನಗಳನ್ನು ಸರಕಾರವು 'ಸಂರಕ್ಷಿತ ವ್ಯವಸ್ಥೆ' ಎಂದು ಘೋಷಿಸಬಹುದು. ಅಂತಹದರೊಳಕ್ಕೆ ನುಸುಳಿದವನಿಗೆ ಹತ್ತು ವರ್ಷಗಳವರೆಗೆ ಸೆರೆವಾಸ. ಸೈಬರ್ ಭಯೋತ್ಪಾದನೆಗೆ ಜೀವಾವಧಿಯವರೆಗಿನ ಶಿಕ್ಷೆಯುಂಟು. ಸೈಬರ್ ಘಟನೆಗಳನ್ನು ಆರು ಗಂಟೆಗಳೊಳಗೆ ವರದಿ ಮಾಡಬೇಕೆಂದು ಸರ್ಟ್-ಇನ್ ಸಂಸ್ಥೆಯು ೨೦೨೨ರ ಏಪ್ರಿಲ್ ೨೮ರಂದು ಆಜ್ಞಾಪಿಸಿತು. ೧೮೮೫ರ ತಂತಿ ಕಾಯಿದೆಗೆ ಬದಲಾಗಿ ಬಂದ ೨೦೨೩ರ ದೂರಸಂಪರ್ಕ ಕಾಯಿದೆಯು ನಿರ್ಣಾಯಕ ದೂರಸಂಪರ್ಕ ಸೌಕರ್ಯಗಳನ್ನು ಹೆಸರಿಸಿ ರಕ್ಷಿಸುವ ಅಧಿಕಾರವನ್ನು ಕೇಂದ್ರ ಸರಕಾರಕ್ಕೆ ಕೊಟ್ಟಿದೆ.

ಆದರೆ ಇಲ್ಲಿ ಒಂದು ಸೂಕ್ಷ್ಮವುಂಟು. ಮಾಹಿತಿ ತಂತ್ರಜ್ಞಾನ ಕಾಯಿದೆಯ ೭೫ನೆಯ ಪ್ರಕರಣವು ವಿದೇಶದಲ್ಲಿ ನಡೆದ ಅಪರಾಧಕ್ಕೂ ಅನ್ವಯಿಸುತ್ತದೆ; ಯಾವಾಗ? ಆ ಕೃತ್ಯದಲ್ಲಿ ಭಾರತದಲ್ಲಿ ಸ್ಥಿತವಾಗಿರುವ ಗಣಕಯಂತ್ರ ಅಥವಾ ಗಣಕಜಾಲ ಒಳಗೊಂಡಿದ್ದಾಗ. ವಿದೇಶದಲ್ಲಿ ಕುಳಿತವನು ಭಾರತದ ಭೂಕೇಂದ್ರವೊಂದರ ಜಾಲವನ್ನು ಹೊಕ್ಕರೆ ಈ ಪ್ರಕರಣವು ನಿಸ್ಸಂದೇಹವಾಗಿ ಸಲ್ಲುತ್ತದೆ. ಅವನು ಅದನ್ನು ಮುಟ್ಟದೆ, ತನ್ನ ನೆಲದಿಂದಲೇ ನೇರವಾಗಿ ಉಪಗ್ರಹಕ್ಕೆ ಸುಳ್ಳು ಆದೇಶವನ್ನು ಕಳುಹಿಸಿದರೆ? ಉಪಗ್ರಹದೊಳಗೂ ಗಣಕಯಂತ್ರವಿದೆ, ನಿಜ. ಆದರೆ ಅದು ಭಾರತದಲ್ಲಿ ಸ್ಥಿತವಾಗಿದೆಯೆ? ಬಾಹ್ಯಾಕಾಶವು ಯಾವ ರಾಷ್ಟ್ರದ ಪ್ರದೇಶವೂ ಅಲ್ಲವೆಂದು ೧೯೬೭ರ ಒಪ್ಪಂದವೇ ಹೇಳುತ್ತದೆ. ಅದೇ ಒಪ್ಪಂದದ ಎಂಟನೆಯ ವಿಧಿಯು ನೋಂದಾಯಿತ ಉಪಗ್ರಹದ ಮೇಲೆ ನಮಗೆ ಅಧಿಕಾರವನ್ನು ಕೊಟ್ಟಿದೆ. ಆ ಅಧಿಕಾರವನ್ನು ನಮ್ಮ ಕಾಯಿದೆಯ ಮಾತುಗಳು ಪೂರ್ತಿಯಾಗಿ ಎತ್ತಿಕೊಂಡಿಲ್ಲ. ಭಾರತದಲ್ಲಿ ನೋಂದಾಯಿತವಾದ ಹಡಗು ವಿಮಾನಗಳ ಮೇಲಣ ಅಪರಾಧಗಳನ್ನು ನಮ್ಮ ದಂಡಸಂಹಿತೆಯು ಸ್ಪಷ್ಟವಾಗಿ ತನ್ನ ವ್ಯಾಪ್ತಿಗೆ ತೆಗೆದುಕೊಂಡಿದೆ. ಉಪಗ್ರಹಕ್ಕೂ ಅಂತಹುದೇ ಒಂದು ವಾಕ್ಯ ಬೇಕು.

೭. ನಿಷ್ಕರ್ಷೆ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಫಲಿಸುತ್ತವೆಂದು ನಾವು ತಿಳಿಯುತ್ತೇವೆ. ಮೊದಲನೆಯದು, ಭಾರತದಲ್ಲಿ ನೋಂದಾಯಿತವಾದ ಬಾಹ್ಯಾಕಾಶ ವಸ್ತುವು ಅಪರಾಧ ಕಾನೂನಿನ ದೃಷ್ಟಿಯಿಂದ ಭಾರತದಲ್ಲಿರುವಂತೆಯೇ ಎಂದು ಶಾಸನವು ಸ್ಪಷ್ಟಪಡಿಸಬೇಕು. ಎರಡನೆಯದು, ಉಡಾವಣೆಯ ಅನುಮತಿಯನ್ನು ಕೊಡುವಾಗಲೇ ಆದೇಶ ಸಂಪರ್ಕದ ಗೂಢಲಿಪಿ, ಭೂಕೇಂದ್ರದ ಪ್ರವೇಶ ನಿಯಂತ್ರಣ, ಕಳೆದ ನಿಯಂತ್ರಣವನ್ನು ಮರಳಿ ಪಡೆಯುವ ಏರ್ಪಾಡು ಇವು ಕಾನೂನುಬದ್ಧ ಷರತ್ತುಗಳಾಗಬೇಕು. ಹಾರಿದ ಮೇಲೆ ಹೇಳಿದರೆ ಬಹುಪಾಲು ಕಾಲ ಮಿಂಚಿರುತ್ತದೆ. ಮೂರನೆಯದು, ದಾಳಿಯನ್ನು ವರದಿ ಮಾಡುವ ಕರ್ತವ್ಯವು ಬಾಹ್ಯಾಕಾಶ ವ್ಯವಸ್ಥೆಯ ವಿಶಿಷ್ಟ ಸ್ವರೂಪಕ್ಕೆ ಹೊಂದುವಂತೆ ರಚಿತವಾಗಬೇಕು. ರೇಡಿಯೋ ಅಡ್ಡಿಯು ಸೂರ್ಯನ ಪ್ರಕೋಪದಿಂದ ಆದುದೋ, ಯಂತ್ರದೋಷದಿಂದ ಆದುದೋ, ಮನುಷ್ಯನಿಂದ ಆದುದೋ ಎಂಬುದು ಆರು ಗಂಟೆಗಳಲ್ಲಿ ತಿಳಿಯದಿರಬಹುದು. ಸಂಶಯವನ್ನೂ ವರದಿ ಮಾಡಲು ಅವಕಾಶವಿರಬೇಕು. ಹಾಗೆ ಮಾಡಿದವನು ಅಪಕೀರ್ತಿಗೆ ಹೆದರಬೇಕಾಗಿರಬಾರದು.

ಶಾಸನವನ್ನು ಮಿತಿಮೀರಿ ನಂಬುವುದೂ ಸಲ್ಲದು. ೧೮೮೪ರ ಕರಾರಿನ ೧೫ನೆಯ ವಿಧಿಯಲ್ಲಿ ಕಂಡ ಬಿರುಕು ಇಂದಿಗೂ ಮುಚ್ಚಿಲ್ಲ. ಹಾನಿಕರವಾದ ರೇಡಿಯೋ ಅಡ್ಡಿಯನ್ನು ನಿಷೇಧಿಸುವ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸಂವಿಧಾನವೇ ತನ್ನ ೪೮ನೆಯ ವಿಧಿಯಲ್ಲಿ ಸೇನೆಯ ರೇಡಿಯೋ ಸಾಧನಗಳ ಬಗ್ಗೆ ರಾಷ್ಟ್ರಗಳಿಗೆ ಪೂರ್ಣ ಸ್ವಾತಂತ್ರ್ಯವನ್ನು ಉಳಿಸಿದೆ. ೧೯೮೬ರ ಅಮೆರಿಕದ ಕಾಯಿದೆಯ ವಿನಾಯಿತಿಯನ್ನು ಮೇಲೆಯೇ ಕಂಡೆವು. ನೂರು ವರ್ಷಗಳಿಗೂ ಮಿಗಿಲಾಗಿ ರಾಷ್ಟ್ರಗಳು ವ್ಯಕ್ತಿಗಳ ಕೈ ಕಟ್ಟಿ ತಮ್ಮ ಕೈಯನ್ನು ಬಿಟ್ಟುಕೊಂಡಿವೆ. ೨೦೨೨ರಲ್ಲಿ ಆರೋಪಿತವಾದದ್ದು ವ್ಯಕ್ತಿಯಲ್ಲ, ರಾಷ್ಟ್ರ. ಆದುದರಿಂದ ಒಂದು ರಾಷ್ಟ್ರದ ಶಾಸನವು ಪರರಾಷ್ಟ್ರದ ದಾಳಿಯನ್ನು ನಿಲ್ಲಿಸಲಾರದು. ಅದು ಮಾಡಬಲ್ಲುದು ಇಷ್ಟು: ಬಾಗಿಲನ್ನು ಭದ್ರವಾಗಿ ಹಾಕಿಸುವುದು, ಬಾಗಿಲು ಮುರಿದಾಗ ಬೇಗ ತಿಳಿಯುವಂತೆ ಮಾಡುವುದು, ಎಚ್ಚರಿಕೆ ವಹಿಸಿದವನಿಗೆ ತನ್ನ ಎಚ್ಚರಿಕೆಯನ್ನು ಸಾಧಿಸಿ ತೋರಿಸುವ ಆಧಾರವನ್ನು ಒದಗಿಸುವುದು.

ಇದು ಅಲ್ಪವಾದ ಪ್ರಯೋಜನವೇನೂ ಅಲ್ಲ. ೨೦೦೪ರಲ್ಲಿ ಹಾರಿದ ಎಜುಸ್ಯಾಟ್ ಉಪಗ್ರಹದ ಪ್ರಾಯೋಗಿಕ ಪಾಠಗಳು ಮೊದಲಿಗೆ ತಲುಪಿದವುಗಳಲ್ಲಿ ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ ಕಾಲೇಜುಗಳೂ ಇದ್ದವು. ಚಂಡಮಾರುತದ ಮುನ್ಸೂಚನೆ, ಕಡಲಿನಲ್ಲಿರುವ ದೋಣಿಯ ದಾರಿ, ದೂರದ ಹಳ್ಳಿಯ ಬ್ಯಾಂಕಿನ ವ್ಯವಹಾರ ಇವೆಲ್ಲ ಇಂದು ಆಕಾಶದ ಆ ಯಂತ್ರಗಳನ್ನು ನಂಬಿವೆ. ಅವನ್ನು ನಂಬಿದವರಲ್ಲಿ ಬಹುಮಂದಿ ಆ ನಂಬಿಕೆಯನ್ನು ಅರಿತವರೂ ಅಲ್ಲ. ಅರಿಯದವರ ಪರವಾಗಿ ಅರಿತು ಎಚ್ಚರವಾಗಿರುವುದೇ ಶಾಸನದ ಕೆಲಸ. ತಂತಿ ಕಾಯಿದೆಯು ತಂತಿ ಬಂದ ಮೂರು ದಶಕಗಳ ತರುವಾಯ ತನ್ನ ಪೂರ್ಣ ರೂಪವನ್ನು ತಾಳಿತು. 'ಆರ್ಯಭಟ'ವು ಹಾರಿ ಐದು ದಶಕಗಳು ಸಂದಿವೆ. ನಮ್ಮ ವಿದ್ಯಾರ್ಥಿಗಳಲ್ಲಿ ಇತಿಹಾಸ, ನ್ಯಾಯಶಾಸ್ತ್ರ, ವಿಜ್ಞಾನ ಮೂರನ್ನೂ ಕೂಡಿಸಿ ಓದುವವರು ಕೆಲವರಾದರೂ ಈ ವಿಷಯದತ್ತ ಮನಸ್ಸು ಹರಿಸಿದರೆ, ಬರೆಯಬೇಕಾಗಿರುವ ಶಾಸನಕ್ಕೆ ಬೇಕಾದ ವಿಚಾರಸಾಮಗ್ರಿ ನಮ್ಮ ಕಾಲೇಜುಗಳಲ್ಲಿಯೇ ಸಿದ್ಧವಾಗಬಲ್ಲುದು.